ಸುತ್ತಿಗೆ ಹಿಡಿದ ಮಕ್ಕಳು

ಆಟದ ಮೈದಾನವೆಂದರೆ ದೊಡ್ಡವರು ಕಟ್ಟಿ, ಬಣ್ಣ ಬಳಿದು, ಬೇಲಿ ಹಾಕಿ, ಆಮೇಲೆ ಮಕ್ಕಳನ್ನು ಒಳಗೆ ಬಿಡುವ ಜಾಗವೆಂಬುದು ನಮ್ಮೆಲ್ಲರ ರೂಢಿಯ ತಿಳುವಳಿಕೆ. ಈ ತಿಳುವಳಿಕೆಯನ್ನು ಅಲುಗಾಡಿಸಿದವರು ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸೋರೆನ್ಸನ್. ಸ್ವತಃ ಆಟದ ಮೈದಾನಗಳನ್ನು ರೂಪಿಸಿದ್ದ ಅವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಮಕ್ಕಳು ಅಚ್ಚುಕಟ್ಟಾದ ಮೈದಾನಗಳನ್ನು ಬಿಟ್ಟು, ಕಟ್ಟಡದ ಕೆಲಸ ನಡೆಯುವಲ್ಲಿ, ಮುರುಕು ಹಲಗೆ ಇಟ್ಟಿಗೆಗಳ ನಡುವೆ ಮೈಮರೆತು ಆಡುತ್ತಿದ್ದರು. ಹಾಗಾದರೆ ಅವರಿಗಾಗಿಯೇ ಒಂದು ಗುಜರಿ ಮೈದಾನವನ್ನು ಮಾಡಿ ನೋಡಬಾರದೇಕೆ ಎಂದು 1931ರ ತಮ್ಮ ಪುಸ್ತಕದಲ್ಲಿ ಅವರು ಕೇಳಿದರು.

ಆ ಪ್ರಶ್ನೆಗೆ ಉತ್ತರ ದೊರೆತದ್ದು 1943ರಲ್ಲಿ, ದೇಶವು ಜರ್ಮನ್ ಸೇನೆಯ ವಶದಲ್ಲಿದ್ದಾಗ. ಕೋಪನ್‌ಹೇಗನ್ ನಗರದ ಅಂಚಿನ ಎಮ್ಡ್ರುಪ್ ಎಂಬಲ್ಲಿ, ಕಾರ್ಮಿಕರ ವಸತಿ ಬಡಾವಣೆಯೊಂದಕ್ಕೆ ಸೇರಿದ ಬಯಲಿನಲ್ಲಿ ಇಂಥ ಮೊದಲ ಮೈದಾನ ತೆರೆಯಿತು. ಸುತ್ತ ಮಣ್ಣಿನ ದಿಬ್ಬ, ಒಳಗೆ ಹಲಗೆ, ಇಟ್ಟಿಗೆ, ಕೈಗಾಡಿ, ಸುತ್ತಿಗೆ, ಮೊಳೆ. ಜಾರುಬಂಡೆಯಿಲ್ಲ, ಉಯ್ಯಾಲೆಯಿಲ್ಲ. ನೋಡಿಕೊಳ್ಳಲು ಬಂದ ಜಾನ್ ಬೆರ್ಟೆಲ್ಸನ್ ಮೊದಲು ನಾವಿಕರಾಗಿದ್ದು, ಆಮೇಲೆ ಶಿಶುಶಿಕ್ಷಣದಲ್ಲಿ ತರಬೇತಿ ಪಡೆದವರು. ಏನು ಕಟ್ಟಬೇಕೆಂದು ತಾವು ಹೇಳಕೂಡದು, ಮಕ್ಕಳೇ ತೊಡಗಬೇಕು, ಕೇಳಿದಾಗ ಮಾತ್ರ ಕೈಜೋಡಿಸಬೇಕು ಎಂಬುದು ಅವರ ನಿಲುವಾಗಿತ್ತು. ಮೇಷ್ಟರಾಗಿದ್ದವನಾಗಿ ಹೇಳುತ್ತೇನೆ, ಇದಕ್ಕಿಂತ ಕಠಿಣವಾದ ವ್ರತ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ. ತಮ್ಮ ಕೆಲಸಗಳಲ್ಲೆಲ್ಲ ಇದೇ ಕುರೂಪವಾದದ್ದು, ಆದರೂ ತಮ್ಮ ಪಾಲಿಗೆ ಇದೇ ಅತ್ಯಂತ ಸುಂದರವಾದದ್ದು ಎಂಬ ಅರ್ಥದ ಮಾತನ್ನು ಸೋರೆನ್ಸನ್ ಮುಂದೆ ಬರೆದರು.

ಯುದ್ಧ ಮುಗಿದ ಮೇಲೆ ಇದನ್ನು ಕಂಡ ಇಂಗ್ಲೆಂಡಿನ ಲೇಡಿ ಅಲೆನ್, 1946ರಲ್ಲಿ 'ಪಿಕ್ಚರ್ ಪೋಸ್ಟ್' ಪತ್ರಿಕೆಗೆ ಲೇಖನ ಬರೆದು, ಬಾಂಬು ಬಿದ್ದು ಹಾಳಾದ ನಿವೇಶನಗಳನ್ನು ಮಕ್ಕಳಿಗೆ ಬಿಟ್ಟುಕೊಡಬೇಕೆಂದು ವಾದಿಸಿದರು. ಸ್ಥಳೀಯರು ಸ್ವಯಂಸೇವಾ ಸಮಿತಿಗಳನ್ನು ಕಟ್ಟಿಕೊಂಡು ಮುಂದೆ ಬಂದರು. 1955ರಲ್ಲಿ ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ಬಾಂಬಿಗೆ ತುತ್ತಾದ ಶಾಲೆಯೊಂದರ ನಿವೇಶನದಲ್ಲಿ ಲೋಲಾರ್ಡ್ ಮೈದಾನ ಆರಂಭವಾಯಿತು. ಅಲ್ಲಿ ಗುಡಿಸಲು ಕಟ್ಟಿ ಕೈ ಪಳಗಿದ ದೊಡ್ಡ ಹುಡುಗರು ನೆರೆಹೊರೆಯ ವೃದ್ಧರ ಮನೆಗಳಿಗೆ ಸಣ್ಣಪುಟ್ಟ ದುರಸ್ತಿ ಮಾಡಿಕೊಡಲು ಹೋಗುತ್ತಿದ್ದರು. ಆ ನೆಲದ ಮೇಲೆ ಹೊಸ ಶಾಲೆ ಏಳಬೇಕಾಗಿದ್ದರಿಂದ 1960ರಲ್ಲಿ ಮೈದಾನ ಮುಚ್ಚಿತು. ಶಾಲೆಗಾಗಿ ಮೈದಾನ ಹೋಯಿತಲ್ಲ ಎಂದು ಮರುಗಬೇಕೋ, ಶಾಲೆ ಬಂತಲ್ಲ ಎಂದು ಹಿಗ್ಗಬೇಕೋ, ನನಗಿನ್ನೂ ಬಗೆಹರಿದಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿಟ್ಟದ್ದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 1949ರಲ್ಲಿ ತೆರೆದ 'ದಿ ಯಾರ್ಡ್' ಮೈದಾನದ ಕಥೆ. ತಂದಿರಿಸಿದ್ದ ಹಳೆಯ ಮರಮಟ್ಟು ನೋಡುನೋಡುತ್ತಲೇ ಕರಗಿಹೋಯಿತು. ಗೇಣುದ್ದದ ತುಂಡು ಸಾಕಾಗುವಲ್ಲಿ ಮಾರುದ್ದದ ಹಲಗೆಯನ್ನು ಕೊಯ್ದರು. ಮೊಳೆ, ಉಪಕರಣಗಳನ್ನು ಬಚ್ಚಿಟ್ಟರು. ಎಲ್ಲರಿಗಿಂತ ದೊಡ್ಡ ಗುಡಿಸಲು ತನ್ನದೇ ಆಗಬೇಕೆಂದು ಒಬ್ಬೊಬ್ಬನಿಗೂ ಹಟ. (ತರಗತಿಯಲ್ಲಿ ಬಣ್ಣದ ಕಾಗದ ಹಂಚಿದ ಯಾವ ಶಿಕ್ಷಕರಿಗೂ ಈ ದೃಶ್ಯ ಹೊಸದಲ್ಲ.) ಮರ ಮುಗಿದಾಗ ಅರೆಬರೆ ಗುಡಿಸಲುಗಳ ಮೇಲೆ ದಾಳಿ, ಜಗಳ, ಗೊಣಗಾಟ. ಕೆಲವರು ಬಿಟ್ಟೇ ಹೋದರು. ದೊಡ್ಡವರು ನಡುವೆ ಬಂದು ನಿಯಮ ಹೇರಲಿಲ್ಲ. ಎರಡನೆಯ ದಿನ ಮಕ್ಕಳು ತಾವಾಗಿಯೇ ಒಟ್ಟುಗೂಡಿ, ಬಿದ್ದ ಚೂರುಪಾರುಗಳನ್ನು ಹೆಕ್ಕತೊಡಗಿದರು. ಬಚ್ಚಿಟ್ಟ ಮೊಳೆಗಳು ಹೊರಬಂದವು. ಒಂಟಿಯಾಗಿ ಕಟ್ಟುತ್ತಿದ್ದವರು ಬೇರೆಯವರನ್ನು ಜೊತೆಗೆ ಕರೆದರು. ಹೊಸ ಮರ ಬರಲು ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಅಲ್ಲೊಂದು ಪುಟ್ಟ ಸಮಾಜವೇ ಹುಟ್ಟಿಕೊಂಡಿತ್ತು.

ಆ ದೇಶದಲ್ಲೇ ಈ ವಿಚಾರ ಮುಂದೆ ಬೇರೊಂದು ರೂಪ ತಾಳಿತು. 1995ರ ಬೇಸಿಗೆಯಲ್ಲಿ ವಾಷಿಂಗ್ಟನ್ ನಗರದ ಇಬ್ಬರು ಪುಟ್ಟ ಮಕ್ಕಳು, ಆಡಲು ಬೇರೆ ಜಾಗವಿಲ್ಲದೆ ನಿಂತಿದ್ದ ಕಾರಿನೊಳಗೆ ಹೊಕ್ಕು, ಹೊರಬರಲಾಗದೆ ಉಸಿರುಗಟ್ಟಿ ತೀರಿಕೊಂಡರು. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಡ್ಯಾರೆಲ್ ಹ್ಯಾಮಂಡ್ ಎಂಬ ತರುಣ, ಮಕ್ಕಳ ಆಶ್ರಯಧಾಮದಲ್ಲಿ ಬೆಳೆದವರು, ಸ್ವಯಂಸೇವಕರನ್ನು ಕೂಡಿಸಿ ಅದೇ ವರ್ಷ ಆ ನಗರದ ಲಿವಿಂಗ್‌ಸ್ಟನ್ ಮ್ಯಾನರ್ ಎಂಬಲ್ಲಿ ಆಟದ ಮೈದಾನವನ್ನು ಕಟ್ಟಿಸಿದರು. ಮರುವರ್ಷ 'ಕಬೂಮ್' ಎಂಬ ಸಂಸ್ಥೆ ಜನ್ಮ ತಾಳಿತು. ಅದರ ಪದ್ಧತಿ ಹೀಗೆ: ಮೊದಲು ಕೇರಿಯ ಮಕ್ಕಳು ಕೂತು ತಮ್ಮ ಕನಸಿನ ಮೈದಾನದ ಚಿತ್ರ ಬರೆಯುತ್ತಾರೆ, ಅದರಿಂದ ನಕ್ಷೆ ಸಿದ್ಧವಾಗುತ್ತದೆ, ಕೆಲವು ವಾರಗಳ ನಂತರ ನೆರೆಹೊರೆಯವರು ಕೂಡಿ ಒಂದೇ ದಿನದಲ್ಲಿ ಕಟ್ಟಿ ನಿಲ್ಲಿಸುತ್ತಾರೆ.

ಇಂಥ ಮೈದಾನಗಳಲ್ಲಿ ಮಕ್ಕಳಿಗೆ ಪೆನ್ಸಿಲು ದೊರೆಯಿತು, ಸುತ್ತಿಗೆ ದೊರೆಯಲಿಲ್ಲ. ಕಟ್ಟುವ ದಿನ ಅವರು ಕೆಲಸದ ಜಾಗದಿಂದ ದೂರವೇ ಇರಬೇಕು. ಸಂಜೆಗೆ ಎಲ್ಲವೂ ಸಿದ್ಧವಾದರೂ ಕಂಬಗಳ ಬುಡದ ಕಾಂಕ್ರೀಟು ಗಟ್ಟಿಯಾಗಲು ಮೂರು ದಿನ ಬೇಕು. ಅಲ್ಲಿಯವರೆಗೆ ಮಕ್ಕಳು ತಾವೇ ಚಿತ್ರ ಬರೆದ ಜಾರುಬಂಡೆಯನ್ನು ಹೊರಗಿನಿಂದ ನೋಡುತ್ತ ಕಾಯಬೇಕು.