ಕೆಚ್ಚಲಿಗೆ ಹಚ್ಚಿದ ಕೆಂಪು

ಆಫೀಸಿನ ಮೀಟಿಂಗ್ ನಡುವೆ ಅವ್ವನ ಫೋನು. ರೋಣದ ಹತ್ತಿರದ ನಮ್ಮೂರಿಂದ. "ಆಕಳ ಕೆಚ್ಚಲ ಕಲ್ಲಾಗೇತಿ. ಒಂದು ಮಲಿಯಾಗ ಹಾಲು ಒಡದು ಬರಾಕತ್ತೇತಿ. ಡಾಕ್ಟರ್ ಬಂದಿದ್ರು. ಲೋಳಸರ, ಅರಿಶಿಣ, ಸುಣ್ಣ ಅರದು ಹಚ್ಚರಿ ಅಂದ್ರು."

ನಾನು ಒಂದು ಕ್ಷಣ ಸುಮ್ಮನಾದೆ. ಇಪ್ಪತ್ತು ವರ್ಷದ ಹಿಂದೆ ಇದನ್ನೇ ಹಚ್ಚೋಕೆ ಬಂದ ಆಯಿಯನ್ನು ತಡೆದವನು ನಾನು. ಆಗ ಪಿಯುಸಿ ಸೈನ್ಸ್ ಓದ್ತಿದ್ದೆ, ಬ್ಯಾಕ್ಟೀರಿಯಾ ಅನ್ನೋ ಪದ ಹೊಸದಾಗಿ ಸಿಕ್ಕಿತ್ತು. "ಸುಣ್ಣ ಹಚ್ಚಿದ್ರ ಸಾಯೂದಿಲ್ಲ ಆಯಿ" ಅಂದಿದ್ದೆ. ಟ್ಯೂಬ್ ತಂದು ಮೊಲೆಯೊಳಗೆ ಹಾಕಿಸಿದೆವು, ಬಾವು ಇಳೀತು. ಆ ಔಷಧ ಹಾಕಿದ ಮೇಲೆ ಕೆಲವು ದಿನ ಹಾಲು ಮಾರಬಾರದು ಅಂತ ಪೊಟ್ಟಣದ ಮೇಲೆಯೇ ಬರೆದಿತ್ತು. ನಾವು ಮಾರಿದೆವು. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತವೆ, ಆಂಟಿಬಯೋಟಿಕ್ ಶೇಷ ಪೂರ್ತಿ ಹೋಗಲ್ಲ. ಆ ಹಾಲು ಯಾರ ಮನೆಯ ಕಾಫಿಗೆ ಹೋಯ್ತೋ.

ಕೆಚ್ಚಲು ಬಾವಿಗೆ ಯಾರ ಔಷಧ ಮೊದಲು ಅಂತ ಹುಡುಕಿದರೆ ನಮ್ಮ ಸೀಮೆಯ ಚರಿತ್ರೆಯೇ ಎದುರಿಗೆ ಬರುತ್ತೆ. ಕನ್ನಡದಲ್ಲಿ ದನದ ಕಾಯಿಲೆಗಳ ಮೇಲೆ ನಮಗೆ ಗೊತ್ತಿರುವ ಹಳೆಯ ಪುಸ್ತಕ 'ಗೋವೈದ್ಯ'. ಕ್ರಿ.ಶ. 1125ರ ಸುಮಾರಿನದು. ಬರೆದವನು ಕೀರ್ತಿವರ್ಮ. ಕಲ್ಯಾಣದ ಚಾಲುಕ್ಯರ ರಾಜಕುಮಾರ, ಆರನೇ ವಿಕ್ರಮಾದಿತ್ಯನ ತಮ್ಮ, ಜೈನ. ಅಣ್ಣ ಸಾಮ್ರಾಜ್ಯ ಆಳ್ತಿದ್ದಾಗ ತಮ್ಮ ದನಕ್ಕೆ ಮದ್ದು ಬರೆದ. (ಮನೆಯಲ್ಲಿ ಇವನನ್ನು ಏನಂದಿರಬಹುದು ಅಂತ ನನಗೆ ಕುತೂಹಲ.) ಪುಸ್ತಕದಲ್ಲಿ ಮದ್ದೂ ಇದೆ, ಮಂತ್ರವೂ ಇದೆ.

ಈ ಮನೆತನ ನಮಗೆ ದೂರದ್ದೇನಲ್ಲ. ಇವರ ಅಜ್ಜ ಜಯಸಿಂಹನ ಅಕ್ಕ ಅಕ್ಕಾದೇವಿ ನಮ್ಮ ರೋಣ-ಗಜೇಂದ್ರಗಡ ಸೀಮೆಯ ಕಿಸುಕಾಡನ್ನು ಆಳಿದವಳು, ಸೂಡಿಯ ಶಾಸನಗಳಲ್ಲಿ ಅವಳ ಹೆಸರಿದೆ. ಸೂಡಿಯ ಜೋಡು ಕಳಸದ ಗುಡಿ ನೋಡಿ ಫೋಟೋ ತೆಗೆಸಿಕೊಂಡು ಬಂದವರು ನಿಮ್ಮಲ್ಲೂ ಇದ್ದೀರಿ. ಉತ್ತರ ಕರ್ನಾಟಕದ ಊರೂರಲ್ಲಿ ಆ ಕಾಲದ ವೀರಗಲ್ಲುಗಳಿವೆ. ಎಷ್ಟೋ ಕಲ್ಲುಗಳಲ್ಲಿ ಕಥೆ ಒಂದೇ: ಶತ್ರುಗಳು ದನ ಹೊಡೆದುಕೊಂಡು ಹೋದರು, ಬಿಡಿಸಲು ಹೋದವನು ಸತ್ತ. ದನಕ್ಕಾಗಿ ಸತ್ತವನಿಗೆ ಕಲ್ಲು ನಿಂತಿತು. ಆ ದನದ ಕೆಚ್ಚಲಿಗೆ ರಾತ್ರಿ ಕೂತು ಮದ್ದು ಹಚ್ಚಿದವಳ ಹೆಸರನ್ನ ಯಾರು ಕೆತ್ತಿಸ್ತಾರೆ?

ಚೀನಾದವರು ಈ ವಿಷಯದಲ್ಲಿ ಸ್ವಲ್ಪ ಜಾಣರು. 659ರಲ್ಲಿ ಟಾಂಗ್ ದೊರೆಗಳು ಮಾಡಿಸಿದ ಔಷಧಿಗಳ ಪುಸ್ತಕದಲ್ಲಿ ಬಾಣಂತಿಯರ ಎದೆಬಾವಿಗೆ ಡ್ಯಾಂಡೆಲಿಯನ್ ಗಿಡ ಹೇಳಿದ್ದಾರೆ. ಅದೇ ಗಿಡ ಇವತ್ತು ಅಲ್ಲಿನ ಹಸುಗಳ ಕೆಚ್ಚಲು ಬಾವಿನ ಮದ್ದಿನಲ್ಲೂ ಇದೆ. ತಾಯಿಯ ಔಷಧ ಹಸುವಿಗೆ ಬಂತು, ಕಾಗದದ ಮೇಲೆ ಉಳೀತು.

ನಮ್ಮಲ್ಲಿ ಅದು ಆಯಂದಿರ ಕೈಯಲ್ಲಿತ್ತು, ಅಷ್ಟೆ. ಎರಡನೇ ಮಹಾಯುದ್ಧದ ನಂತರ ಪೆನಿಸಿಲಿನ್ ಕೊಟ್ಟಿಗೆಗೂ ಬಂತು. ಆಮೇಲೆ ಎಚ್‌ಎಫ್ ಮಿಶ್ರತಳಿ ಬಂತು. ಜವಾರಿ ಆಕಳು ಎರಡು-ಮೂರು ಲೀಟರ್ ಕೊಡ್ತಿದ್ದ ಕಡೆ ಇದು ಹತ್ತು ದಾಟುತ್ತೆ. ಹೆಚ್ಚು ಹಾಲು ಕೊಡುವ ಹಸುವಿಗೆ ಬಾವಿನ ಕಾಟವೂ ಹೆಚ್ಚು. ಹಿಂಡಿದ ಮೇಲೆ ಅರ್ಧ ಗಂಟೆಯಷ್ಟು ಮೊಲೆಯ ಬಾಯಿ ತೆರೆದೇ ಇರುತ್ತೆ, ಆಗ ಸಗಣಿಯಲ್ಲಿ ಮಲಗಿದರೆ ಮುಗೀತು. ಒಂದು ಮೊಲೆ ಬತ್ತಿದರೆ ನಾಲ್ಕರಲ್ಲಿ ಒಂದು ಭಾಗದ ಆದಾಯವೂ ಬತ್ತಿದ ಹಾಗೆ. ಮಗನ ಫೀಸು, ಸಂಘದ ಸಾಲದ ಕಂತು ಎಲ್ಲಾ ಆ ನಾಲ್ಕು ಮೊಲೆಗಳ ಲೆಕ್ಕದಲ್ಲೇ ಇರುತ್ತವೆ.

ಮತ್ತೆ ಈ ಮದ್ದನ್ನು ಹುಡುಕಿ ತೂಕಕ್ಕೆ ಹಾಕಿದವರು ತಂಜಾವೂರಿನ ಪ್ರೊ. ಪುಣ್ಯಮೂರ್ತಿ, ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದವರು. ನಮ್ಮ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯವೂ ಕೈಜೋಡಿಸಿತು. ಈಗ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಇದನ್ನು ರೈತರಿಗೆ ಹೇಳಿಕೊಡುತ್ತೆ: ಲೋಳೆಸರ 250 ಗ್ರಾಂ, ಅರಿಶಿಣ 50, ಸುಣ್ಣ 15. ರುಬ್ಬಿದರೆ ಓಕುಳಿಯ ಕೆಂಪು. ಕೆಚ್ಚಲು ತೊಳೆದು, ಹಾಲು ಪೂರ್ತಿ ಹಿಂಡಿ, ದಿನಕ್ಕೆ ಹತ್ತು ಸಲದ ಹಾಗೆ ಐದು ದಿನ ಹಚ್ಚಬೇಕು. ಹತ್ತು ಸಲ! ಟ್ಯೂಬ್ ಯಾಕೆ ಗೆದ್ದಿತು ಅನ್ನೋದಕ್ಕೆ ಇದೂ ಒಂದು ಕಾರಣ ಅನ್ಸುತ್ತೆ. ಹಚ್ಚೋರಿಗೆ ಬಿಡುವಿರಬೇಕಲ್ಲ. ಜ್ವರ ಬಂದು ಮೇವು ಬಿಟ್ಟ ಹಸುವಿಗೆ ಇದನ್ನೇ ನಂಬಿ ಕೂರೋದೂ ಸರಿಯಲ್ಲ, ಡಾಕ್ಟರ್ ಬರಲೇಬೇಕು. ಆದರೆ ಶುರುವಿನಲ್ಲೇ ಹಿಡಿದ ಬಾವಿಗೆ ಇದು ಸಾಕಾದರೆ ಹಾಲು ಚೆಲ್ಲುವ, ಇಲ್ಲವೇ ಕದ್ದು ಮಾರುವ ಪ್ರಶ್ನೆಯೇ ಬರಲ್ಲ.

ಆರನೇ ದಿನ ನಾನೇ ಫೋನ್ ಮಾಡಿದೆ. ಬಾವು ಇಳಿದಿತ್ತು, ಹಾಲು ತಿಳಿಯಾಗಿತ್ತು. "ಆಯಿ ಇದರಾಗ ಇನ್ನೊಂದು ಏನೋ ಸೊಪ್ಪು ಹಾಕ್ತಿದ್ಲಲ್ಲ ಅವ್ವಾ, ಹಿತ್ತಲದಾಗಿಂದು ತರ್ತಿದ್ಲು. ಏನದು?"

"ನನಗ ಗೊತ್ತಿಲ್ಲಪಾ," ಅಂದಳು ಅವ್ವ. "ನೀ ಬ್ಯಾಡ ಅಂದಮ್ಯಾಲೆ ಆಕಿ ತರೂದ ಬಿಟ್ಲು."