ಸಂಘದ ಕೋಣೆಯಲ್ಲಿ ಹಾಕಿದ ವೇಷ

ವಿದ್ಯಾರ್ಥಿ ಸಂಘ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಚುನಾವಣೆ, ಘೋಷಣೆ, ಮುಷ್ಕರ, ಒಡೆದ ಬಸ್ಸಿನ ಗಾಜು. ಇವು ಯಾವುವೂ ಸುಳ್ಳಲ್ಲ. ಆದರೆ ಬೆಂಗಳೂರಿನ ಹಳೆಯ ಕಾಲೇಜುಗಳ ಚರಿತ್ರೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಸಂಘಕ್ಕೆ ಇನ್ನೊಂದು ಮುಖವೂ ಇತ್ತು ಎಂಬುದು ತಿಳಿಯುತ್ತದೆ. ತರಗತಿ ಮುಗಿದ ಮೇಲೆ ಬೀಗ ಹಾಕದೆ ಉಳಿದ ಒಂದು ಕೋಣೆ, ಅಲ್ಲಿ ಕವಿತೆ ಓದುವ, ಮಾತಿಗೆ ಮಾತು ಕೊಡುವ, ನಾಟಕದ ತಾಲೀಮು ನಡೆಸುವ ಹುಡುಗರು. ಕನ್ನಡದ ಆಧುನಿಕ ಸಾಹಿತ್ಯ ಮತ್ತು ರಂಗಭೂಮಿಗೆ ಈ ಕೋಣೆ ಕೊಟ್ಟಿದ್ದು ಕಡಿಮೆಯೇನಲ್ಲ.

ಮೊದಲ ಹೆಸರು ಸೆಂಟ್ರಲ್ ಕಾಲೇಜಿನದು. 1858ರಲ್ಲಿ ಹೈಸ್ಕೂಲಾಗಿ ಹುಟ್ಟಿ, ಮುಂದೆ ಕಾಲೇಜಾಗಿ ಬೆಳೆದ ಸಂಸ್ಥೆ ಅದು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಕನ್ನಡಕ್ಕೆ ಮೂಲೆಯ ಸ್ಥಾನ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಿತ್ತು. ಅದರ ಬೆನ್ನಿಗೇ ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ಆ ಸಂಘದಿಂದಲೇ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಟಿತು. ಕಾಲೇಜೊಂದರ ಸಂಘ ಆರಂಭಿಸಿದ ಪತ್ರಿಕೆಯನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಕೈಗೆತ್ತಿಕೊಂಡಿತು. ವಿಶ್ವವಿದ್ಯಾನಿಲಯ ಮಾಡಬೇಕಾದ ಕೆಲಸವನ್ನು ಸಂಘ ಮೊದಲು ಮಾಡಿ ತೋರಿಸಿತು ಎನ್ನಬೇಕು.

ಅದೇ ವರ್ಷಗಳಲ್ಲಿ ಊರಿನಲ್ಲಿ ನಾಟಕದ ಗಾಳಿಯೂ ಬದಲಾಗುತ್ತಿತ್ತು. ಅತ್ತ ವೃತ್ತಿ ಕಂಪನಿಗಳ ವೈಭವ. ಅಲ್ಲಿ ಧರ್ಮದ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಚಂದ್ರಕಲಾ ನಾಟಕ ಮಂಡಳಿಯ ಮಹಮದ್ ಪೀರ್ ಅವರನ್ನು ಕನ್ನಡದ ಪ್ರೇಕ್ಷಕರು ಮನಸಾರೆ ಒಪ್ಪಿಕೊಂಡಿದ್ದರು. ಇತ್ತ 1909ರಲ್ಲಿ ಆರಂಭವಾದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಮತ್ತು ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ. ಕೈಲಾಸಂ ನಾಟಕಗಳು ಕಾಲೇಜು ಹುಡುಗರಿಗೆ ಹೇಳಿ ಮಾಡಿಸಿದಂತಿದ್ದವು. ಹತ್ತಾರು ಪರದೆ ಬೇಡ, ಕಿರೀಟ ಬೇಡ, ಸಂಗೀತದ ಮೇಳ ಬೇಡ. ಒಂದು ನಡುಮನೆ, ನಾಲ್ಕು ಕುರ್ಚಿ, ಮನೆಯಲ್ಲಿ ಆಡುವ ಅರೆ ಇಂಗ್ಲಿಷ್ ಕನ್ನಡ ಸಾಕು. ಕಂಪನಿಗೆ ನಾಟಕ ಹೊಟ್ಟೆಪಾಡು; ಕಾಲೇಜು ಹುಡುಗರಿಗೆ ಅದು ಒಂದು ರಾತ್ರಿಯ ಸಂಭ್ರಮ. ಗಲ್ಲಾಪೆಟ್ಟಿಗೆಯ ಚಿಂತೆಯಿಲ್ಲದ್ದರಿಂದಲೇ ಅಲ್ಲಿ ಹೊಸದನ್ನು ಪ್ರಯತ್ನಿಸುವ ಧೈರ್ಯ ಬಂತು.

ಆದರೆ ವಿದ್ಯಾರ್ಥಿಗಳ ಒಗ್ಗಟ್ಟು ಸದಾ ಒಳ್ಳೆಯ ದಾರಿಯನ್ನೇ ಹಿಡಿಯಿತೆಂದು ಹೇಳಿದರೆ ಚರಿತ್ರೆಗೆ ಅಪಚಾರವಾದೀತು. 1928ರಲ್ಲಿ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ಸುತ್ತ ವಿವಾದ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಶಾಲೆಯ ಅಂಗಳದ ಜಗಳ ಹಿಂದೂ-ಮುಸ್ಲಿಮ್ ಘರ್ಷಣೆಯಾಗಿ ಊರಿಗೆ ಹಬ್ಬಿತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೇಲೂ ಆಪಾದನೆಗಳು ಬಂದವು. ಕೊನೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಗುಂಪು ಕೂಡುವುದೇ ಬೇರೆ, ಸಂಘ ಕಟ್ಟುವುದೇ ಬೇರೆ. ಗುಂಪಿನಲ್ಲಿ ಎದುರಿನವನ ಮುಖ ಕಾಣುವುದಿಲ್ಲ. ಸಂಘದಲ್ಲಿ ಅವನ ಪಕ್ಕದಲ್ಲೇ ಕುಳಿತು ವರ್ಷವಿಡೀ ಕೆಲಸ ಮಾಡಬೇಕಾಗುತ್ತದೆ.

ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದದ್ದು 1935ರಲ್ಲಿ. ಮರುವರ್ಷ ಶಾಲೆಗೆ ಬಂದ ಗಾಂಧೀಜಿಯ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದವರು ಇವರೇ. 1942ರಲ್ಲಿ ಸೆಂಟ್ರಲ್ ಕಾಲೇಜಿನ ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲು ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಬಂದು, 1961ರಿಂದ ಹನ್ನೊಂದು ವರ್ಷ ಪ್ರಾಂಶುಪಾಲರಾಗಿದ್ದರು. ಮದುವೆಯಾಗದೆ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದ ಈ ಭೌತಶಾಸ್ತ್ರದ ಮೇಷ್ಟರಿಗೆ ನಾಟಕವೆಂದರೂ ಅಷ್ಟೇ ಅಕ್ಕರೆ. ಪ್ರಶ್ನೆ ಕೇಳುವುದನ್ನು ಕಲಿಯುವ ಹುಡುಗ ವೇದಿಕೆಯ ಮೇಲೆ ನಿಲ್ಲುವುದನ್ನೂ ಕಲಿಯಬೇಕೆಂಬುದು ಆ ಕಾಲೇಜಿನ ವಾತಾವರಣದಲ್ಲೇ ಇತ್ತು.

ಇತ್ತ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘಕ್ಕೆ ಜಿ.ಪಿ. ರಾಜರತ್ನಂ ಅವರಂಥ ಮೇಷ್ಟರು ಸಿಕ್ಕಿದರು. ಹುಡುಗರ ಬರಹವನ್ನು ಅಚ್ಚಿಗೆ ತರುವುದು, ಪುಸ್ತಕವನ್ನು ಹೊತ್ತು ಮಾರುವುದು ಅವರಿಗೆ ಪಾಠದಷ್ಟೇ ಮುಖ್ಯ. ಆ ಕಾಲೇಜಿಗೆ ದೇವನಹಳ್ಳಿಯ ಒಬ್ಬ ಮುಸ್ಲಿಮ್ ಹುಡುಗ ಬಂದ. ಮನೆಮಾತು ಉರ್ದು, ಓದುತ್ತಿದ್ದುದು ಭೂವಿಜ್ಞಾನ. ರಾಜರತ್ನಂ, ವಿ. ಸೀತಾರಾಮಯ್ಯ ಮುಂತಾದವರ ಒಡನಾಟದಲ್ಲಿ ಆತ ಕನ್ನಡದ ಕವಿಯಾಗಿ ಬೆಳೆದ. 1959ರಲ್ಲಿ ಎಂ.ಎಸ್ಸಿ. ಮುಗಿಸಿದ ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಸಂಕಲನ ಬಂದದ್ದು 1960ರಲ್ಲಿ. ಅದರ ಹೆಸರೇ 'ಮನಸು ಗಾಂಧಿಬಜಾರು'. ಬಸವನಗುಡಿಯ ಹೂವು, ಹಣ್ಣು, ಕಾಫಿಯ ಬೀದಿ ಒಬ್ಬ ಮುಸ್ಲಿಮ್ ಯುವಕನ ಮನಸ್ಸಿಗೆ ಹೆಸರಾಯಿತು. ಕೈಲಾಸಂ ಅವರಂತೆಯೇ ಕಲ್ಲುಮಣ್ಣಿನ ಶಾಸ್ತ್ರ ಓದಿದ ನಿಸಾರ್ ಮುಂದೆ ಷೇಕ್ಸ್‌ಪಿಯರನ ನಾಟಕಗಳನ್ನೂ ಕನ್ನಡಿಸಿದರು. 1978ರಲ್ಲಿ ಅವರ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಮನೆಮನೆಗೆ ತಲುಪಿತು. ಭೂವಿಜ್ಞಾನದ ತರಗತಿಯೊಂದೇ ಈ ಕವಿಯನ್ನು ನಮಗೆ ಕೊಡುತ್ತಿರಲಿಲ್ಲ.

ನ್ಯಾಷನಲ್ ಕಾಲೇಜು ಕೊಟ್ಟ ಹೆಸರು ಸಿ.ಆರ್. ಸಿಂಹ. ಅಲ್ಲಿ ನಾಟಕದ ರುಚಿ ಹಿಡಿಸಿಕೊಂಡ ಅವರು 1972ರಲ್ಲಿ ಗೆಳೆಯರ ಜೊತೆ 'ನಟರಂಗ' ಕಟ್ಟಿದರು. ಆ ತಂಡದ 'ತುಘಲಕ್' ನಾಟಕದಲ್ಲಿ ಸುಲ್ತಾನನಾಗಿ ನಿಂತ ಸಿಂಹರನ್ನು ಕಂಡವರು ಇಂದಿಗೂ ಮರೆತಿಲ್ಲ. ಆ ನಾಟಕ ಬರೆದವರ ಹಿಂದೆಯೂ ಒಂದು ವಿದ್ಯಾರ್ಥಿ ಸಂಘ ಇತ್ತು ಎಂಬುದು ಗಮನಾರ್ಹ. ಧಾರವಾಡದಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದ ಗಿರೀಶ ಕಾರ್ನಾಡರು ಅಲ್ಲಿನ ಪ್ರಸಿದ್ಧ ಯೂನಿಯನ್ನಿನ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. 1963ರಲ್ಲಿ ದೇಶಕ್ಕೆ ಮರಳಿದರು, 1964ರಲ್ಲಿ 'ತುಘಲಕ್' ಪ್ರಕಟವಾಯಿತು. ಹಿಂದೂ-ಮುಸ್ಲಿಮರಿಗೆ ಒಂದೇ ನ್ಯಾಯ ಎಂದು ಕನಸು ಕಂಡು ಸೋತ ದೊರೆಯ ಕಥೆ ಅದು. ನಾಟಕದ ಆರಂಭದಲ್ಲೇ ಅಜೀಜ್ ಎಂಬ ಮುಸ್ಲಿಮ್ ಅಗಸ ಬ್ರಾಹ್ಮಣನ ವೇಷ ಹಾಕಿ, ಸುಲ್ತಾನನ ಮೇಲೇ ದಾವೆ ಹೂಡಿ ಗೆಲ್ಲುತ್ತಾನೆ. ಅಜೀಜನದು ಮೋಸದ ವೇಷ, ನಿಜ. ಆದರೆ ಚನ್ನಪಟ್ಟಣದಲ್ಲಿ ಹುಟ್ಟಿ ಬಸವನಗುಡಿಯಲ್ಲಿ ಬೆಳೆದ ನಟನೊಬ್ಬ ಸುಲ್ತಾನನ ಸಂಕಟವನ್ನು ತನ್ನದಾಗಿಸಿಕೊಂಡು ನಿಂತಾಗ ಸಭೆ ಕಂಡದ್ದು ಬೇರೆಯೇ ವೇಷ. ಇನ್ನೊಬ್ಬನ ಮೈಯೊಳಗೆ ಎರಡು ಗಂಟೆ ಇದ್ದು ಬಂದವನು ಅವನನ್ನು ಸುಲಭವಾಗಿ ದ್ವೇಷಿಸಲಾರ.

ನರಸಿಂಹಯ್ಯನವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಸಂಗೀತ, ನೃತ್ಯ, ನಾಟಕಗಳಿಗೆ ವಿಶ್ವವಿದ್ಯಾಲಯದಲ್ಲೇ ವಿಭಾಗ ದೊರೆಯಿತು. ಅದುವರೆಗೆ ಸಂಜೆಯ ಹವ್ಯಾಸವಾಗಿದ್ದದ್ದು ಹಗಲಿನ ಪಠ್ಯವಾಯಿತು. ಕಲೆಗೆ ಸಲ್ಲಬೇಕಾದ ಗೌರವವೇ ಅದು. ಆದರೆ ಪಠ್ಯಕ್ಕೆ ಬರುವವನು ಕಲಾವಿದನಾಗಲೆಂದೇ ಬರುತ್ತಾನೆ. ಸಂಘದ ಕೋಣೆಗೆ ಬರುತ್ತಿದ್ದವನು ಭೂವಿಜ್ಞಾನದವನು, ವಾಣಿಜ್ಯದವನು, ದಾರಿ ತಪ್ಪಿ ಬಂದವನು.

ಆ ದಾರಿ ತಪ್ಪುವ ಅವಕಾಶ ಈಗ ಕಡಿಮೆಯಾಗಿದೆ. 1980ರ ದಶಕದ ಕೊನೆಯ ಹೊತ್ತಿಗೆ ಹಿಂಸೆಯ ಕಾರಣಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ಸಂಘದ ಚುನಾವಣೆ ನಿಂತಿತು. ಅಂಕ ನೋಡಿ ಪದಾಧಿಕಾರಿಗಳನ್ನು ನೇಮಿಸುವ ಪದ್ಧತಿ ಬಂತು. 2006ರಲ್ಲಿ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಒಪ್ಪಿ, ಚುನಾವಣೆ ಶಿಸ್ತಿನಿಂದ ನಡೆಯಲಿ ಎಂದಿತು. ಗಲಾಟೆಗೆ ಹೆದರಿ ಬಾಗಿಲು ಹಾಕಿದೆವು, ಗಲಾಟೆ ನಿಂತಿತೇ? 2022ರ ಆರಂಭದಲ್ಲಿ ಹಿಜಾಬಿನ ಪ್ರಶ್ನೆ ಎದ್ದಾಗ ನಮ್ಮ ಕಾಲೇಜುಗಳ ಗೇಟಿನ ಬಳಿ ಒಂದೇ ತರಗತಿಯ ಮಕ್ಕಳು ಎರಡು ಗುಂಪಾಗಿ ನಿಂತದ್ದನ್ನು ಕಂಡೆವು. ಅವರ ನಡುವೆ ನಿಂತು ಮಾತಾಡಲು, ಇಬ್ಬರೂ ಸೇರಿ ಆರಿಸಿದ ಒಬ್ಬ ಗೆಳೆಯ ಬೇಕಾಗಿತ್ತು. 1928ರ ಪಾಠವನ್ನು ನಾವು ಅರ್ಧ ಮಾತ್ರ ಕಲಿತಂತಿದೆ.

ಚುನಾವಣೆ ಮತ್ತೆ ಬರಲಿ, ಬಿಡಲಿ, ಅದನ್ನು ಸರ್ಕಾರ ನೋಡಿಕೊಳ್ಳಲಿ. ಸಂಜೆ ನಾಲ್ಕರ ಮೇಲೆ ಒಂದು ಕೋಣೆಯ ಬೀಗ ತೆಗೆದಿಡಲು ಕಾಲೇಜುಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಮನೆಯ ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, "ಪಾಠ ಮುಗಿಯಿತಲ್ಲ, ನೇರ ಮನೆಗೆ ಬಾ" ಎನ್ನದೆ ಆ ಕೋಣೆಗೆ ಕಳಿಸುವ ಹೊಣೆ ನಮ್ಮದು.