ಕೆಂಡದಲ್ಲಿ ಸುಟ್ಟ ಕೋಳಿ ರೆಕ್ಕೆ

ಕೆಂಡದಲ್ಲಿ ಸುಟ್ಟ ಕೋಳಿ ರೆಕ್ಕೆ ಎಂಬುದು ಕೋಳಿಯ ರೆಕ್ಕೆಗಳನ್ನು ಚರ್ಮಸಹಿತವಾಗಿ ಇದ್ದಿಲ ಗ್ರಿಲ್ಲಿನಲ್ಲಿ ಅಥವಾ ಸ್ಮೋಕರಿನಲ್ಲಿ, ಎಣ್ಣೆಯಲ್ಲಿ ಕರಿಯದೆ, ಹೊರಮೈ ಗರಿಗರಿಯಾಗುವಂತೆ ಬೇಯಿಸಿದ ಮಾಂಸಾಹಾರಿ ಖಾದ್ಯವಾಗಿದೆ. ಕರ್ನಾಟಕದಲ್ಲಿ ‘ಚಿಕನ್ ಕಬಾಬ್’ ಎಂಬ ಹೆಸರು ಸಾಮಾನ್ಯವಾಗಿ ಎಣ್ಣೆಯಲ್ಲಿ ಕರಿದ ಕೋಳಿಗೆ ರೂಢವಾಗಿರುವುದರಿಂದ ಇದನ್ನು ಅದರಿಂದ ಬೇರೆಯಾಗಿ ಗುರುತಿಸಬೇಕಾಗುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಈ ಅಡುಗೆಗೆ ಬೇಕಾದ ಸೌದೆ, ಇದ್ದಿಲು, ಬೆಲ್ಲ, ಮೆಣಸಿನಕಾಯಿ ಎಲ್ಲವೂ ಸುಲಭವಾಗಿ ದೊರೆಯುತ್ತವೆ. ಕೇಳಿ ಪಡೆಯಬೇಕಾದುದು ಒಂದೇ, ಚರ್ಮವಿರುವ ರೆಕ್ಕೆ.

ಹಿನ್ನೆಲೆ

ಮಾಂಸವನ್ನು ಕೆಂಡದ ಮೇಲೆ ಸುಡುವ ಪದ್ಧತಿ ಕನ್ನಡ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ ಮಾಂಸವನ್ನು ಕಂಬಿಗೆ ಚುಚ್ಚಿ ಕೆಂಡದಲ್ಲಿ ಬೇಯಿಸುವ ವಿವರಗಳಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿಯ ಪೇಟೆಗಳಲ್ಲಿ ಕೋಳಿ, ಕೌಜುಗ, ಲಾವುಗೆ, ಮೊಲಗಳು ಹೇರಳವಾಗಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದುದನ್ನು ದಾಖಲಿಸಿದ್ದಾನೆ.

ರೆಕ್ಕೆಯನ್ನೇ ಪ್ರತ್ಯೇಕ ಖಾದ್ಯವಾಗಿ ತಿನ್ನುವ ಈಚಿನ ರೂಢಿಯನ್ನು ಹೆಚ್ಚಾಗಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದೊಂದಿಗೆ ಹೊಂದಿಸಿ ಹೇಳಲಾಗುತ್ತದೆ. ಅಲ್ಲಿಯ ಆಂಕರ್ ಬಾರ್ ಎಂಬ ಉಪಾಹಾರಗೃಹದಲ್ಲಿ ಟೆರೆಸ್ಸಾ ಬೆಲ್ಲಿಸ್ಸಿಮೊ ಅವರು 1964ರಲ್ಲಿ ರೆಕ್ಕೆಗಳನ್ನು ಕರಿದು ಖಾರದ ಸಾಸಿನಲ್ಲಿ ಹೊರಳಿಸಿ ಬಡಿಸಿದರು ಎಂಬುದು ಪ್ರಚಲಿತ ಕಥನ. ಗ್ರಿಲ್ಲಿನ ರೆಕ್ಕೆ ಅದರ ಕರಿಯದ ರೂಪ.

ರೆಕ್ಕೆಯ ರಚನೆ ಮತ್ತು ಚರ್ಮ

ಒಂದು ರೆಕ್ಕೆಯಲ್ಲಿ ಮೂರು ಭಾಗಗಳಿವೆ: ಒಂದೇ ಮೂಳೆಯ ಬುಡದ ತುಂಡು, ಎರಡು ತೆಳು ಮೂಳೆಗಳಿರುವ ಚಪ್ಪಟೆಯಾದ ನಡುತುಂಡು ಮತ್ತು ಮಾಂಸವಿಲ್ಲದ ತುದಿ. ಕೀಲುಗಳಲ್ಲಿ ಕತ್ತರಿಸಿದರೆ ಮೂಳೆ ಒಡೆಯುವುದಿಲ್ಲ. ತುದಿಯನ್ನು ಸಾರಿಗೆ ಬಳಸಬಹುದು.

ಮಾಂಸಕ್ಕೆ ಹೋಲಿಸಿದರೆ ಚರ್ಮದ ಪ್ರಮಾಣ ರೆಕ್ಕೆಯಲ್ಲಿ ಬಹಳ ಹೆಚ್ಚು. ಈ ಖಾದ್ಯದ ಗುಣವೆಲ್ಲ ಚರ್ಮದಲ್ಲಿಯೇ ಇದೆ. ಆದರೆ ನಮ್ಮ ಊರುಗಳ ಬಹುಪಾಲು ಚಿಕನ್ ಅಂಗಡಿಗಳಲ್ಲಿ ಬ್ರಾಯ್ಲರ್ ಕೋಳಿಯ ಚರ್ಮವನ್ನು ಪುಕ್ಕದೊಂದಿಗೇ ಸುಲಿದುಬಿಡುವುದು ವಾಡಿಕೆ. ಹಾಗೆ ಸುಲಿದ ರೆಕ್ಕೆಯನ್ನು ಎಷ್ಟು ಜಾಣತನದಿಂದ ಸುಟ್ಟರೂ ಅದು ಒಣಗುತ್ತದೆಯೇ ಹೊರತು ಗರಿಗರಿಯಾಗದು. ಆದ್ದರಿಂದ ಪುಕ್ಕ ಮಾತ್ರ ತೆಗೆದು ಚರ್ಮ ಉಳಿಸಿಕೊಡುವಂತೆ ಅಂಗಡಿಯವರಿಗೆ ಮೊದಲೇ ತಿಳಿಸಬೇಕು.

ನಾಟಿ ಕೋಳಿಯ ವಿಷಯ ಬೇರೆ. ಹಳ್ಳಿಗಳಲ್ಲಿ ಅದರ ಪುಕ್ಕ ಕಿತ್ತು, ಉಳಿದ ನವಿರನ್ನು ಉರಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ ತೊಳೆಯುವ ಕ್ರಮವಿರುವುದರಿಂದ ಚರ್ಮ ಉಳಿದಿರುತ್ತದೆ. ಆದರೆ ಬಲಿತ ನಾಟಿ ಕೋಳಿಯ ರೆಕ್ಕೆಯಲ್ಲಿ ಕೊಬ್ಬು ಕಡಿಮೆ, ಮಾಂಸ ಗಡುಸು. ಅದನ್ನು ಉಪ್ಪು ನೀರಿನಲ್ಲಿ ಮೆತ್ತಗೆ ಬೇಯಿಸಿ, ಆರಿಸಿ, ಕೊನೆಗೆ ಮಾತ್ರ ಕೆಂಡಕ್ಕೆ ಇಡುವುದು ಲೇಸು. ನಾಟಿ ಕೋಳಿಯ ನಿಜವಾದ ರುಚಿ ಸಾರಿನಲ್ಲಿದೆ ಎಂಬ ಹಿರಿಯರ ಮಾತನ್ನು ಇಲ್ಲಿ ತಳ್ಳಿಹಾಕಲಾಗದು.

ಗರಿಗರಿಯಾಗುವ ಬಗೆ

ಹಸಿ ಚರ್ಮದಲ್ಲಿ ನೀರು, ಕೊಬ್ಬು ಮತ್ತು ಕೊಲಾಜೆನ್ ಎಂಬ ಪ್ರೋಟೀನು ಇರುತ್ತವೆ. ಮೇಲ್ಮೈಯಲ್ಲಿ ನೀರು ಇರುವಷ್ಟು ಕಾಲ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕಂದು ಬಣ್ಣವನ್ನೂ ಸುಟ್ಟ ಪರಿಮಳವನ್ನೂ ಕೊಡುವ ಮೇಯಾರ್ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಆದ್ದರಿಂದ ಮೊದಲು ನೀರು ಆರಬೇಕು, ಬಳಿಕ ಕೊಬ್ಬು ಕರಗಿ ಇಳಿಯಬೇಕು, ಆಮೇಲೆ ಉಳಿದ ತೆಳುಪದರ ಗಟ್ಟಿಯಾಗಬೇಕು. ಕೊಬ್ಬು ಕರಗದಿದ್ದರೆ ಚರ್ಮ ರಬ್ಬರಿನಂತೆ ಜಗಿಯಲಾಗದೆ ಉಳಿಯುತ್ತದೆ. ಮೊಸರಿನಲ್ಲಿ ನೆನೆಸುವ ತಂದೂರಿ ಕ್ರಮ ಮಾಂಸವನ್ನು ಮೃದುಗೊಳಿಸುತ್ತದೆ ನಿಜ, ಆದರೆ ಚರ್ಮವನ್ನು ಒದ್ದೆಯಾಗಿಯೇ ಇಡುತ್ತದೆ. ಈ ಖಾದ್ಯಕ್ಕೆ ಅದು ಹೊಂದುವುದಿಲ್ಲ.

ಸಿದ್ಧತೆ

ರೆಕ್ಕೆಗಳನ್ನು ಶುಭ್ರವಾದ ಬಟ್ಟೆಯಿಂದ ಒರಸಿ, 1 ಕಿಲೋಗ್ರಾಂಗೆ ಒಂದೂವರೆ ಸಣ್ಣ ಚಮಚ ಉಪ್ಪು ಮತ್ತು 1 ದೊಡ್ಡ ಚಮಚ ಬೇಕಿಂಗ್ ಪೌಡರ್ ಬೆರೆಸಿ ಸವರಲಾಗುತ್ತದೆ. ಬೇಕಿಂಗ್ ಪೌಡರ್ ಚರ್ಮದ ಆಮ್ಲೀಯತೆಯನ್ನು ತಗ್ಗಿಸಿ ಕಂದಾಗುವಿಕೆಗೆ ನೆರವಾಗುತ್ತದೆ. ಅದರಿಂದ ಹೊಮ್ಮುವ ಅನಿಲ ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳನ್ನೆಬ್ಬಿಸುತ್ತದೆ. ಬೇಕಿಂಗ್ ಪೌಡರಿನ ಬದಲು ಅಷ್ಟೇ ಪ್ರಮಾಣದ ಅಡುಗೆ ಸೋಡಾ ಹಾಕಿದರೆ ರೆಕ್ಕೆ ಕಹಿಯಾಗಿ ಸಾಬೂನಿನ ರುಚಿ ಬರುತ್ತದೆ. ಇವೆರಡೂ ಒಂದೇ ಎಂಬ ಭಾವನೆ ಅನೇಕರಲ್ಲಿದೆ.

ಸವರಿದ ರೆಕ್ಕೆಗಳನ್ನು ಒಂದಕ್ಕೊಂದು ತಾಗದಂತೆ ಜಾಲರಿಯ ಮೇಲೆ ಹರಡಿ, ಮುಚ್ಚದೆ, ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ 8ರಿಂದ 24 ಗಂಟೆ ಇಡಬೇಕು. ಕೆಳಗೊಂದು ತಟ್ಟೆ ಇರಲಿ, ಹಸಿ ಮಾಂಸದ ರಸ ಬೇರೆ ಆಹಾರಕ್ಕೆ ತೊಟ್ಟಿಕ್ಕಬಾರದು. ಬಯಲಿನಲ್ಲಿ ಒಣಗಿಸುವಂತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಮುಟ್ಟುವ ಬಳ್ಳಾರಿಯ ಬಿಸಿಲಿನಲ್ಲಿ ಹಸಿ ಕೋಳಿ ಒಂದು ಗಂಟೆಗಿಂತ ಹೆಚ್ಚು ಹೊರಗಿರುವುದು ಅಪಾಯಕರ.

ಸೌದೆ ಮತ್ತು ಇದ್ದಿಲು

ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲಿನ ಸುತ್ತಲೂ, ತುಂಗಭದ್ರೆಯ ಬಯಲಿನ ಬೀಳುಗಳಲ್ಲಿಯೂ ಕಣ್ಣಿಗೆ ಬೀಳುವ ಬಳ್ಳಾರಿ ಜಾಲಿ ಈ ಅಡುಗೆಗೆ ಹೇಳಿ ಮಾಡಿಸಿದ ಮರ. ಬಳ್ಳಾರಿಯ ಹೆಸರು ಹೊತ್ತಿದ್ದರೂ ಅದು ಇಲ್ಲಿಯದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಗಿಡ 19ನೇ ಶತಮಾನದಲ್ಲಿ ಭಾರತಕ್ಕೆ ಬಂದಿತು. ಹೊಲಗದ್ದೆಗಳಿಗೆ ನುಗ್ಗುವ ಕಳೆಯಾಗಿ ರೈತರಿಗೆ ಅದು ತಲೆನೋವು, ಒಲೆಗೆ ಮಾತ್ರ ಉತ್ತಮ ಉರುವಲು. ಟೆಕ್ಸಾಸಿನಲ್ಲಿ ಮಾಂಸ ಸುಡುವವರು ಹುಡುಕಿ ತರುವ ಮೆಸ್ಕೀಟ್ ಇದರ ಹತ್ತಿರದ ಬಂಧು. ದೂರದೇಶದವರು ಬೆಲೆ ಕೊಟ್ಟು ಕೊಳ್ಳುವುದನ್ನು ನಾವು ಬೇಲಿಯ ಮುಳ್ಳೆಂದು ಕಡಿದು ಎಸೆಯುತ್ತೇವೆ.

ಜಾಲಿಯ ಇದ್ದಿಲು ಗಟ್ಟಿಯಾಗಿದ್ದು ಹೆಚ್ಚು ಶಾಖ ಕೊಡುತ್ತದೆ. ಹಸಿ ಸೌದೆಯ ದಟ್ಟ ಬಿಳಿ ಹೊಗೆ ಮಾಂಸವನ್ನು ಕಹಿಯಾಗಿಸುತ್ತದೆ. ಚೆನ್ನಾಗಿ ಒಣಗಿದ ಒಂದೆರಡು ಚಕ್ಕೆಗಳೇ ಪರಿಮಳಕ್ಕೆ ಸಾಕು. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡುಗಳನ್ನು ಉರಿಸಕೂಡದು. ಸೀಮೆಎಣ್ಣೆಯಿಂದ ಹೊತ್ತಿಸಿದರೆ ಅದರ ವಾಸನೆ ರೆಕ್ಕೆಗೆ ಹತ್ತುತ್ತದೆ.

ಬೇಯಿಸುವ ಕ್ರಮ

ಕೆಂಡದ ಮೇಲೆ ಬೂದಿ ಕಟ್ಟಿದ ಬಳಿಕ ಅದನ್ನು ಗ್ರಿಲ್ಲಿನ ಒಂದು ಬದಿಗೆ ಸರಿಸಿ ಇನ್ನೊಂದು ಬದಿಯನ್ನು ಬರಿದಾಗಿಡಬೇಕು. ರೆಕ್ಕೆಗಳನ್ನು ಮೊದಲು ಕೆಂಡವಿಲ್ಲದ ಬದಿಯಲ್ಲಿಟ್ಟು ಮುಚ್ಚಳ ಮುಚ್ಚಲಾಗುತ್ತದೆ. ಒಳಗಿನ ಉಷ್ಣತೆ 200ರಿಂದ 230 ಡಿಗ್ರಿಯಷ್ಟಿದ್ದರೆ 35ರಿಂದ 45 ನಿಮಿಷಗಳಲ್ಲಿ ಕೊಬ್ಬು ಕರಗಿ ಚರ್ಮ ಬಿಗಿಯುತ್ತದೆ. ನಡುವೆ ಒಮ್ಮೆ ಮಗುಚಿದರೆ ಸಾಕು. ಕೊನೆಯ ಎರಡು ಮೂರು ನಿಮಿಷ ನೇರ ಕೆಂಡದ ಮೇಲೆ, ಕೈಬಿಡದೆ ತಿರುಗಿಸುತ್ತ ಸುಡಬೇಕು. ಆರಂಭದಿಂದಲೇ ಕೆಂಡದ ಮೇಲಿಟ್ಟರೆ ತೊಟ್ಟಿಕ್ಕುವ ಕೊಬ್ಬು ಉರಿಯೆದ್ದು ಹೊರಗೆ ಕರಿಕಾಗಿ ಒಳಗೆ ಹಸಿಯಾಗಿರುತ್ತದೆ. ಮುಚ್ಚಳವಿಲ್ಲದ ಇಟ್ಟಿಗೆ ಒಲೆಯಲ್ಲಿ ಮಾಡುವವರು ಹಳೆಯ ಅಗಲ ಬಾಣಲೆಯನ್ನು ಬೋರಲು ಹಾಕಿ ಮುಚ್ಚಬಹುದು.

ಸ್ಮೋಕರಿನಲ್ಲಿ ತೊಡಕು ಹೆಚ್ಚು. 110 ಡಿಗ್ರಿಯ ಮೆಲ್ಲನೆಯ ಹೊಗೆ ದೊಡ್ಡ ಮಾಂಸಖಂಡಗಳಿಗೆ ಒಪ್ಪುತ್ತದೆ, ರೆಕ್ಕೆಯ ಚರ್ಮವನ್ನು ತೊಗಲಾಗಿಸುತ್ತದೆ. ಅರ್ಧ ಗಂಟೆ ಹೊಗೆ ಕೊಟ್ಟು, ಬಳಿಕ ಉಷ್ಣತೆಯನ್ನು 200 ಡಿಗ್ರಿಗೆ ಏರಿಸಬೇಕು, ಇಲ್ಲವೇ ರೆಕ್ಕೆಗಳನ್ನು ಗ್ರಿಲ್ಲಿಗೆ ವರ್ಗಾಯಿಸಬೇಕು.

ಮಸಾಲೆ

ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ ಪುಡಿ, ಜೊತೆಗೆ ಜೀರಿಗೆ, ಕಾಳುಮೆಣಸು. ಇವನ್ನು ಒಣಪುಡಿಯಾಗಿಯೇ ಬಳಸಬೇಕು. ವಿಜಯನಗರ ಕಾಲದ ಕಾಲುವೆಗಳ ನೀರಿನಲ್ಲಿ ಕಬ್ಬು ಬೆಳೆಯುವ ಹೊಸಪೇಟೆ, ಕಂಪ್ಲಿ ಭಾಗದ ಬೆಲ್ಲವನ್ನು ಹುಣಸೆ ರಸದಲ್ಲಿ ಕರಗಿಸಿ ಕುದಿಸಿದ ಪಾಕ ಅಮೆರಿಕದ ಸಿಹಿ ಸಾಸಿಗೆ ಬದಲಾಗಬಲ್ಲದು. ಸಕ್ಕರೆಯಂಶ ಬೇಗ ಕರಕಲಾಗುವುದರಿಂದ ಇದನ್ನು ಕೆಂಡದಿಂದ ಇಳಿಸುವ ಮುನ್ನ ಕೊನೆಯ ನಿಮಿಷದಲ್ಲಿ ಸವರಬೇಕು. ನಿಂಬೆರಸ ಬಡಿಸುವಾಗ ಸಾಕು. ರೆಕ್ಕೆಗಳನ್ನು ಇಳಿಸಿದ ಮೇಲೆ ಪಾತ್ರೆಯಲ್ಲಿ ಮುಚ್ಚಿಟ್ಟರೆ ತಮ್ಮದೇ ಹಬೆಗೆ ಮೆತ್ತಗಾಗುತ್ತವೆ.

ಸುರಕ್ಷತೆ

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಇರುವ ಸಾಧ್ಯತೆಯಿದೆ. ಮೂಳೆಗೆ ತಾಗದಂತೆ ತಾಪಮಾಪಕ ಚುಚ್ಚಿದಾಗ ಮಾಂಸದ ಒಳಗೆ ಕನಿಷ್ಠ 74 ಡಿಗ್ರಿ ಇರಬೇಕು. ರೆಕ್ಕೆಯಲ್ಲಿ ಕೊಲಾಜೆನ್ ಹೆಚ್ಚಿರುವುದರಿಂದ 80ರಿಂದ 85 ಡಿಗ್ರಿಯವರೆಗೆ ಬೇಯಿಸಿದರೆ ಮಾಂಸ ಮೂಳೆಯಿಂದ ಸಲೀಸಾಗಿ ಬಿಡುತ್ತದೆ. ಬಣ್ಣವನ್ನು ನಂಬುವಂತಿಲ್ಲ: ಎಳೆಯ ಬ್ರಾಯ್ಲರಿನ ಮಜ್ಜೆಯ ಬಣ್ಣ ಒಸರಿ, ಪೂರ್ತಿ ಬೆಂದಾಗಲೂ ಮೂಳೆಯ ಬಳಿ ಕೆಂಪು ಕಾಣಿಸಬಹುದು. ಹಸಿ ರೆಕ್ಕೆ ಇಟ್ಟ ತಟ್ಟೆಯಲ್ಲಿ ಬೆಂದುದನ್ನು ಇಡಬಾರದು.

ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆ ಬಂತೆಂದು ಗ್ರಿಲ್ಲನ್ನು ಮನೆಯೊಳಗೆ ಒಯ್ಯುವುದು, ಚಳಿಗೆಂದು ಉಳಿದ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟುಕೊಂಡು ಮಲಗುವುದು ಪ್ರಾಣಾಂತಿಕ. ಸಂಡೂರಿನ ಗುಡ್ಡಗಳಲ್ಲಿ ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಬಯಲಿನಲ್ಲಿ ಸುಟ್ಟವರು ಕೆಂಡಕ್ಕೆ ನೀರು ಸುರಿದು, ಕೆದಕಿ, ಮತ್ತೆ ನೀರು ಹಾಕಿ, ಬೂದಿ ಕೈಗೆ ತಣ್ಣಗಾಗುವವರೆಗೆ ಸ್ಥಳ ಬಿಡಬಾರದು.